ಬಮ್ಮಿಗಟ್ಟಿಗೆ ತಿಳಿಯದ ಚಿತ್ರಪಟಗಳೆ?

ಧಾರವಾಡ ಹುಬ್ಬಳ್ಳಿಗಳ ಸುಶಿಕ್ಷಿತರ ಮನೆಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕಿವಿಗೆ ಬೀಳುತ್ತಿರುವದು. ಲೋಕಮಾನ್ಯತೆಯನ್ನು ಪಡೆದ ಪರದೇಶದ ಚಿತ್ರಪಟಗಳು, ಅವುಗಳಲ್ಲಿಯೂ ಯುದ್ಧ, ಬಂಡಾಯ, ದೇಶವಿಭಜನೆ ಮೊದಲಾದ ಇತಿಹಾಸದ ಕಲಹಗಳನ್ನು ಹಿನ್ನೆಲೆಯಾಗಿಟ್ಟುಕೊಂಡು ರಚಿತವಾದವುಗಳು, ಬಹಳ ಮೇಲಿನ ತರಗತಿಯವು. ಅವುಗಳನ್ನು ಆಸ್ವಾದಿಸಲಿಕ್ಕೆ ಒಂದು ಸಂಸ್ಕಾರ ಬೇಕು. ಆ ಸಂಸ್ಕಾರ ಪಟ್ಟಣದ ಓದು ಬಲ್ಲವರಿಗೆ ಉಂಟು, ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಂಥ ಊರಿನವರಿಗೆ ಇಲ್ಲ. ಅವರಿಗೆ ಬೇಕಾದದ್ದು ಹಾಡು, ಹೊಡೆದಾಟ, ಕತ್ತಿಯ ಝಣತ್ಕಾರ, ಎದೆಯುಬ್ಬಿಸುವ ಭಾಷಣ. ಇದು ಆ ಮಾತಿನ ತಾತ್ಪರ್ಯವು. ಹೇಳುವವರು ದುಷ್ಟರಲ್ಲ. ಅವರಲ್ಲಿ ಅನೇಕರು ಒಳ್ಳೆಯ ವಾಚಕರು, ಕಪಾಟು ತುಂಬ ಪುಸ್ತಕಗಳುಳ್ಳವರು, ಮಕ್ಕಳಿಗೆ ಸಂಗೀತ ಕಲಿಸುವವರು. ಆದರೆ ಸಜ್ಜನರ ಬಾಯಿಂದ ಬಂದ ಮಾತ್ರಕ್ಕೆ ಸುಳ್ಳು ನಿಜವಾಗಲಾರದು. ಈ ಮಾತಿನಲ್ಲಿ ಎರಡು ಸುಳ್ಳುಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಒಂದು ಹಳ್ಳಿಯವರ ವಿಷಯದ್ದು, ಇನ್ನೊಂದು ಆ ಚಿತ್ರಪಟಗಳ ವಿಷಯದ್ದು. ಎರಡನೆಯದೇ ಹೆಚ್ಚು ಕೇಡಿನದು.

ಮೊದಲಿನದನ್ನು ಬೇಗನೆ ತೀರಿಸಬಹುದು. ಇತಿಹಾಸದ ಕಲಹವನ್ನು ಚಿತ್ರದಲ್ಲಿ ಕಾಣುವ ರೂಢಿ ಧಾರವಾಡ ಸೀಮೆಯ ಹಳ್ಳಿಗರಿಗೆ ಇಂದು ನಿನ್ನೆಯದಲ್ಲ. ಊರ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ನಿಂತ ವೀರಗಲ್ಲು ಏನು? ಕೆಳಗಿನ ಅಂತಸ್ತಿನಲ್ಲಿ ಕಾಳಗ, ಕೆಲವು ಕಡೆಗೆ ತುರುಗಳ ಹಿಂಡು. ನಡುವೆ ದೇವಕನ್ನೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿರುವದು. ಮೇಲೆ ಲಿಂಗದ ಸನ್ನಿಧಿ. ಮೂರು ದೃಶ್ಯಗಳಲ್ಲಿ ಒಂದು ಊರಿನ ಜಗಳ, ಒಬ್ಬನ ಸಾವು, ಆ ಸಾವಿಗೆ ಊರು ಕೊಟ್ಟ ಅರ್ಥ, ಎಲ್ಲವೂ ಬಂದವು. ಅದರ ಮಗ್ಗುಲಲ್ಲಿ ಬಳೆ ತೊಟ್ಟ ಒಂಟಿ ಕೈಯನ್ನು ಮೇಲೆತ್ತಿ ನಿಂತ ಮಾಸ್ತಿಕಲ್ಲು ಇದ್ದರೆ, ವೀರನು ಸ್ವರ್ಗಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿದವಳ ಗತಿ ಏನಾಯಿತೆಂಬದನ್ನೂ ಅದು ಹೇಳುತ್ತದೆ. ಕಲಘಟಗಿಯ ಬಣ್ಣದ ತೊಟ್ಟಿಲಿನ ಹಲಗೆಗಳ ಮೇಲೆ ರಾಮಾಯಣ ಮಹಾಭಾರತಗಳ ಪ್ರಸಂಗಗಳನ್ನು ಬರೆಯುತ್ತ ಬಂದಿರುವರು; ಆ ಸೀಮೆಯ ಕೂಸು ಮಾತು ಕಲಿಯುವ ಮೊದಲೇ ಚಿತ್ರದಲ್ಲಿ ಕಥೆ ಕಾಣುತ್ತದೆ. ಇನ್ನು ಲಾವಣಿಗಳು. 1857ರಲ್ಲಿ ಇಂಗ್ರೇಜರು ಆಯುಧಗಳನ್ನು ಕಿತ್ತುಕೊಳ್ಳಲು ಕಾಯದೆ ಮಾಡಿದಾಗ ಎದ್ದ ಹಲಗಲಿಯ ಬೇಡರ ದಂಗೆಯನ್ನೂ, ಸಂಗೊಳ್ಳಿ ರಾಯಣ್ಣನ ದಂಗೆಯನ್ನೂ ಹಳ್ಳಿಯ ಹಾಡುಗಾರರು ಕಟ್ಟಿ ಹಾಡಿದರು. ಅವುಗಳನ್ನು ಕೂಡಿಹಾಕಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದವನು ಫ್ಲೀಟನೆಂಬ ಇಂಗ್ರೇಜ ಅಧಿಕಾರಿಯು. (ಆ ಸಂಗ್ರಹದಲ್ಲಿ ಆದಾಯಕರದ ಮೇಲೆ ಕಟ್ಟಿದ ಲಾವಣಿಯೂ ಒಂದಿದೆ, ಕರ ಹೇರಿದವರ ಕಡೆಯ ಅಧಿಕಾರಿಯೇ ಅದನ್ನು ಬರೆದಿಟ್ಟುಕೊಂಡದ್ದು ವಿನೋದದ ಸಂಗತಿ.) ಆಗಿನ ಸುಶಿಕ್ಷಿತರು ಅವುಗಳನ್ನು ಕೇಳಿಯೂ ಕೇಳದಂತೆ ಇದ್ದರು. ‘ಸಂಗ್ಯಾ ಬಾಳ್ಯಾ’ ಸಣ್ಣಾಟಕ್ಕೆ ಬೆಳಗಿನ ವರೆಗೆ ಕುಳಿತು, ಸ್ನೇಹದ್ರೋಹದ ಒಂದೊಂದು ಎಳೆಯನ್ನೂ ಹಿಡಿಯಬಲ್ಲವರಿಗೆ ಎರಡು ತಾಸಿನ ಚಿತ್ರಪಟವೊಂದು ತಿಳಿಯದೆಂದು ಹೇಳುವವರು ಸಣ್ಣಾಟವನ್ನು ನೋಡಿಲ್ಲ. ಚಿತ್ರಪಟವನ್ನಾದರೂ ಸರಿಯಾಗಿ ನೋಡಿರುವರೋ ಇಲ್ಲವೋ ಎಂಬ ಸಂದೇಹಕ್ಕೆ ಆಸ್ಪದವುಂಟು.

ಈಗ ಎರಡನೆಯ ಸುಳ್ಳಿಗೆ ಬರೋಣ. ಅದು ಆಸ್ವಾದನೆಯ ವಿಷಯದ್ದು. ಈ ಚಿತ್ರಪಟಗಳನ್ನು ಹೊಗಳುವವರು ಏನೆಂದು ಹೊಗಳುತ್ತಾರೆಂಬದನ್ನು ಲಕ್ಷ್ಯಗೊಟ್ಟು ಕೇಳಬೇಕು. ವೆನಿಸ್ಸಿನಲ್ಲಿ ಸುವರ್ಣಸಿಂಹ ಬಂದಿದೆ, ಕಾನ್ ಉತ್ಸವದಲ್ಲಿ ಸ್ಪರ್ಧಿಸಿದೆ, ಛಾಯಾಗ್ರಹಣ ಅಪೂರ್ವ, ಸಂಕಲನ ಅದ್ಭುತ. ಪಾರಿತೋಷಕಗಳ ಯಾದಿಯನ್ನು ಬಾಯಿಪಾಠ ಮಾಡಿದ್ದಾಗಿರುತ್ತದೆ. ಆದರೆ ಆ ಕಲಹ ಯಾವದು, ಯಾತಕ್ಕೆ ಹುಟ್ಟಿತು, ಚಿತ್ರಪಟವು ಯಾರ ಪಕ್ಷದಿಂದ ಮಾತಾಡುತ್ತದೆ, ಏನನ್ನು ಬಿಟ್ಟಿದೆ, ಎಲ್ಲಿ ಸುಳ್ಳಾಡಿದೆ ಎಂದು ಕೇಳಿದರೆ ಉತ್ತರವಿಲ್ಲ. ‘ಕಲೆಗೂ ಅದಕ್ಕೂ ಏನು ಸಂಬಂಧ?’ ಎಂಬ ಮರುಪ್ರಶ್ನೆ ಬರುವದು. ರಕ್ತದಿಂದ ಬರೆದದ್ದನ್ನು ಅಕ್ಷರದ ಅಂದಕ್ಕಾಗಿ ಓದುವ ಈ ರೀತಿಗೆ ರಸಿಕತೆಯೆಂದು ಹೆಸರು!

ಐಸೆನ್‌ಸ್ಟೈನನ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ (1925) ಎಂಬ ರಶಿಯದ ಮೂಕಚಿತ್ರವನ್ನು ನೋಡಿರಿ. 1905ರಲ್ಲಿ ಹುಳುಬಿದ್ದ ಮಾಂಸವನ್ನು ಉಣ್ಣಲೊಲ್ಲದೆ ಆ ಹೆಸರಿನ ಯುದ್ಧನೌಕೆಯ ನಾವಿಕರು ದಂಗೆ ಎದ್ದದ್ದು ನಿಜವಾದ ಸಂಗತಿ. ಆದರೆ ಒಡೆಸ್ಸಾ ಪಟ್ಟಣದ ಮಹಾಸೋಪಾನದ ಮೇಲೆ ಸಿಪಾಯಿಗಳು ಸಾಲುಗಟ್ಟಿ ಇಳಿಯುತ್ತ ಜನರನ್ನು ಕೊಲ್ಲುವ, ತಾಯಿಯ ಕೈತಪ್ಪಿದ ಕೂಸಿನ ಗಾಡಿ ಮೆಟ್ಟಿಲುಗಳ ಮೇಲಿಂದ ಉರುಳುವ ಆ ಜಗತ್ಪ್ರಸಿದ್ಧ ದೃಶ್ಯವಿದೆಯಲ್ಲ, ಹಾಗೆ ಆ ಮೆಟ್ಟಿಲುಗಳ ಮೇಲೆ ನಡೆಯಲಿಲ್ಲ. ಆ ದಿನಗಳಲ್ಲಿ ಊರಿನಲ್ಲಿ ಜನರು ಸತ್ತದ್ದು ಹೌದು. ಈ ದೃಶ್ಯವು ದಿಗ್ದರ್ಶಕನ ಕಲ್ಪನೆ. ಇಂದು ಅನೇಕ ಪ್ರೇಕ್ಷಕರು ಅದನ್ನೇ ಇತಿಹಾಸವೆಂದು ನಂಬಿರುವರು. ಇದರಿಂದ ಆ ಚಿತ್ರಪಟದ ಯೋಗ್ಯತೆ ಕಡಿಮೆಯಾಗುವದೆಂದಲ್ಲ. ಆದರೆ ಇದನ್ನು ತಿಳಿಯದೆ ‘ಅದ್ಭುತ’ವೆನ್ನುವವನು ಅರ್ಧವನ್ನೇ ನೋಡಿದಂತಾಯಿತು. ಕಲೆಯ ಶಕ್ತಿ ಎಷ್ಟೆಂದರೆ ಆಗದ್ದನ್ನು ಆಯಿತೆನ್ನಿಸಬಲ್ಲದು. ಆ ಶಕ್ತಿ ಒಳ್ಳೆಯವರ ಕೈಯಲ್ಲಿಯೂ ಇರುವದು, ಕೆಟ್ಟವರ ಕೈಯಲ್ಲಿಯೂ ಇರುವದು. ಅಮೇರಿಕೆಯ ‘ದ ಬರ್ತ್ ಆಫ್ ಎ ನೇಶನ್’ (1915) ಚಿತ್ರಪಟದ ತಂತ್ರಕೌಶಲ್ಯವನ್ನು ಹೊಗಳದ ಗ್ರಂಥವಿಲ್ಲ. ಕರಿಯರನ್ನು ಸುಟ್ಟು ಕೊಂದ ಗುಪ್ತಸಂಘವನ್ನು ಅದು ವೀರರ ದಂಡೆಂದು ಮೆರೆಸಿತು, ಅಡಗಿಹೋಗಿದ್ದ ಆ ಸಂಘ ಅದೇ ವರ್ಷ ಮತ್ತೆ ತಲೆಯೆತ್ತಿತು.

ಇದಕ್ಕೆ ಪ್ರತಿಯಾಗಿ ಪಾಂಟೆಕಾರ್ವೊ ಎಂಬ ಇಟಲಿಯ ದಿಗ್ದರ್ಶಕನ ‘ದ ಬ್ಯಾಟಲ್ ಆಫ್ ಆಲ್ಜಿಯರ್ಸ್’ (1966). ಫ್ರೆಂಚರ ಆಳಿಕೆಯ ವಿರುದ್ಧ ಆಲ್ಜೀರಿಯದ ಜನರು 1954ರಿಂದ 1962ರ ವರೆಗೆ ಕಾದಿದರು; ಆ ಹೋರಾಟದಲ್ಲಿ ಆಲ್ಜಿಯರ್ಸ್ ಪಟ್ಟಣದ ಇಕ್ಕಟ್ಟಾದ ಓಣಿಗಳೊಳಗೆ ನಡೆದ ಭಾಗವೇ ಇದರ ವಸ್ತು. ಆ ಹೋರಾಟದ ಮುಂದಾಳುಗಳಲ್ಲಿ ಒಬ್ಬನಾದ ಸಾದಿ ಯಾಸೆಫನೇ ಇದರ ನಿರ್ಮಾಣದಲ್ಲಿ ಕೈಗೂಡಿಸಿ, ತನ್ನನ್ನೇ ಹೋಲುವ ಪಾತ್ರವನ್ನೂ ಆಡಿದನು. ಆದಕಾರಣ ಚಿತ್ರಪಟವು ಯಾರ ಪಕ್ಷವೆಂಬದರಲ್ಲಿ ಮುಚ್ಚುಮರೆ ಇಲ್ಲ. ಹೀಗಿದ್ದರೂ ಮೂವರು ಆಲ್ಜೀರಿಯದ ಹೆಣ್ಣುಮಕ್ಕಳು ಫ್ರೆಂಚರು ಸೇರುವ ಸ್ಥಳಗಳಲ್ಲಿ ಬಾಂಬು ಇಡಲು ಹೋದಾಗ ಯಂತ್ರದ ಕಣ್ಣು ಏನು ಮಾಡುತ್ತದೆ? ಇನ್ನು ಕೆಲವು ನಿಮಿಷಗಳಲ್ಲಿ ಸಾಯಲಿರುವವರ ಮುಖಗಳ ಮೇಲೆ ನಿಲ್ಲುತ್ತದೆ. ನಗುತ್ತಿರುವ ಹರೆಯದವರು, ಐಸ್‌ಕ್ರೀಮು ತಿನ್ನುತ್ತಿರುವ ಒಂದು ಕೂಸು. ಬಾಂಬು ಇಟ್ಟವಳೂ ಅವರನ್ನು ನೋಡುತ್ತಾಳೆ. ಎರಡೂ ಕಡೆಯ ಹೆಣಗಳನ್ನು ಅವಶೇಷಗಳಿಂದ ಎತ್ತುವಾಗ ಒಂದೇ ವಾದ್ಯಸಂಗೀತ ಕೇಳಿಬರುವದು. ಸ್ವಾತಂತ್ರ್ಯ ನ್ಯಾಯವಾದದ್ದು, ಆದರೆ ಅದರ ಬೆಲೆ ಇದು ಎಂದು ಗೆದ್ದವರ ಪಕ್ಷದ ಚಿತ್ರಪಟವೇ ಹೇಳುತ್ತದೆ. ಫ್ರಾನ್ಸಿನಲ್ಲಿ ಹಲವು ವರ್ಷ ಅದನ್ನು ತೋರಿಸಗೊಡಲಿಲ್ಲ. 2003ರಲ್ಲಿ ಇರಾಕಿನ ಯುದ್ಧ ನಡೆದಾಗ ಅಮೇರಿಕೆಯ ಸೇನಾಕಚೇರಿಯಲ್ಲಿ ಅದನ್ನು ಅಧಿಕಾರಿಗಳಿಗೆ ತೋರಿಸಿದರೆಂಬದೂ ಪ್ರಸಿದ್ಧವಿದೆ. ಅವರು ಅದರಿಂದ ಏನು ಕಲಿತರೋ!

ಕ್ಲಿಮೋವನ ‘ಕಮ್ ಆ್ಯಂಡ್ ಸೀ’ (1985) ಇದಕ್ಕಿಂತಲೂ ಕಠೋರವಾದದ್ದು. ಜರ್ಮನರು ಬೈಲೋರಶಿಯದ 628 ಹಳ್ಳಿಗಳನ್ನು ಅಲ್ಲಿಯ ಜನರ ಸಮೇತ ಸುಟ್ಟರೆಂದು ಅದರ ಕೊನೆಗೆ ಬರೆದು ತೋರಿಸುತ್ತಾರೆ. ಬಂದೂಕು ಸಿಕ್ಕಿತೆಂದು ಸಂತೋಷದಿಂದ ಕಾಡಿಗೆ ಹೋದ ಒಬ್ಬ ಹಳ್ಳಿಯ ಹುಡುಗ ಕೆಲವೇ ದಿನಗಳಲ್ಲಿ ಮುದುಕನ ಮುಖದವನಾಗುತ್ತಾನೆ, ಕಥೆಯೆಂದರೆ ಅಷ್ಟೇ. ಕುಟುಂಬಸಮೇತ ಕುಳಿತು ನೋಡತಕ್ಕದ್ದಲ್ಲ, ಮಕ್ಕಳಿಗಂತೂ ಸಲ್ಲದು. ಆದರೆ ಅದರೊಳಗಿನ ಊರು ಯಾವ ತರಗತಿಯದು? ಬಣವೆ, ಆಕಳು, ಬಾವಿ, ಕಟ್ಟಿಗೆಯ ಮನೆ. ಬಮ್ಮಿಗಟ್ಟಿಯ ಒಕ್ಕಲಿಗನಿಗೆ ಆ ಊರು ಪಟ್ಟಣದ ರಸಿಕನಿಗಿಂತ ನೂರು ಪಾಲು ಹತ್ತಿರದ್ದು. ಸುಟ್ಟ ಬಣವೆಯೆಂದರೆ ಏನೆಂಬದು ಆತನಿಗೆ ಯಾರೂ ವಿವರಿಸಬೇಕಾಗಿಲ್ಲ.

ಆಲ್ಜೀರಿಯ ಬೈಲೋರಶಿಯಗಳಾದರೋ ದೂರದವು. ಕನ್ನಡಿಗನೊಬ್ಬನ ಕೈಯಿಂದ ಹೊರಬಿದ್ದ ಒಂದು ಚಿತ್ರಪಟವನ್ನೇ ತಕ್ಕೊಳ್ಳಬಹುದು. ಮೈಸೂರಿನಲ್ಲಿ 1930ರಲ್ಲಿ ಹುಟ್ಟಿದ ಎಂ. ಎಸ್. ಸತ್ಯು ಅವರು ದಿಗ್ದರ್ಶಿಸಿದ ‘ಗರಮ್ ಹವಾ’ವು ಭಾರತದ ವಿಭಜನೆಯನ್ನು ಕುರಿತದ್ದು. ಇಸ್ಮತ್ ಚುಗತಾಯಿ ಅವರ ಅಪ್ರಕಟಿತ ಕಥೆಯೊಂದರಿಂದ ಕೈಫಿ ಆಜ್ಮಿ, ಶಮಾ ಜೈದಿ ಇವರು ಅದನ್ನು ಬರೆದರು. ಚಿತ್ರಪಟಗಳಿಗೆ ಸಾಲ ಕೊಡುತ್ತಿದ್ದ ಸರಕಾರದ ಸಂಸ್ಥೆಯಿಂದ ಎರಡೂವರೆ ಲಕ್ಷ ರೂಪಾಯಿ ದೊರೆತಿತ್ತು. ಒಂದೇ ಯಂತ್ರದಿಂದ ಆಗ್ರಾ ಪಟ್ಟಣದಲ್ಲಿ ಚಿತ್ರೀಕರಿಸಿ, ಧ್ವನಿಯನ್ನು ಹಿಂದಿನಿಂದ ಕೂಡಿಸಿದರು. ಮುಖ್ಯ ಪಾತ್ರಧಾರಿಯಾದ ಬಲರಾಜ ಸಾಹನಿಯವರು ತಮ್ಮ ಮಾತುಗಳ ಧ್ವನಿಮುದ್ರಣವನ್ನು ಮುಗಿಸಿದ ಮರುದಿನವೇ, 1973ರ ಎಪ್ರಿಲ್ 13ರಂದು, ತೀರಿಕೊಂಡರು. ಶಾಂತಿಭಂಗವಾದೀತೆಂಬ ಭಯದಿಂದ ಪರಿನಿರೀಕ್ಷಕ ಮಂಡಲವು ಅದನ್ನು ಎಂಟು ತಿಂಗಳು ತಡೆದಿಟ್ಟಿತು. ಕೊನೆಗೆ 1974ರಲ್ಲಿ ಅದು ಮೊಟ್ಟಮೊದಲು ಬೆಳಕು ಕಂಡದ್ದು ಬೆಂಗಳೂರಿನ ಚಿತ್ರಮಂದಿರಗಳಲ್ಲಿ. ಅಲ್ಲಿ ಜನರು ಶಾಂತರಾಗಿ ಕುಳಿತು ನೋಡಿ ಮೆಚ್ಚಿದ ಮೇಲೆ ಉಳಿದ ದೇಶದ ಬಾಗಿಲು ತೆರೆಯಿತು. ಗಲಭೆಯಾಗುವದೆಂದು ಹೆದರಿದ ಪಂಡಿತರಿಗೆ ಉತ್ತರ ಕೊಟ್ಟವರು ಕರ್ನಾಟಕದ ಸಾಮಾನ್ಯ ಪ್ರೇಕ್ಷಕರು. ಆಮೇಲೆ ಕಾನ್ ಉತ್ಸವ, ರಾಷ್ಟ್ರೀಯ ಭಾವೈಕ್ಯದ ಪಾರಿತೋಷಕ ಎಲ್ಲವೂ ಬಂದವು.

ಆ ಚಿತ್ರಪಟದಲ್ಲಿ ಏನಿದೆ? ಗಾಂಧೀಜಿಯವರ ಕೊಲೆಯ ಬಳಿಕಿನ ಆಗ್ರಾ. ಸಲೀಂ ಮಿರ್ಜಾ ಎಂಬ ಪಾದರಕ್ಷೆಯ ಕಾರಖಾನೆದಾರನ ಮನೆತನ. ಬಂಧುಗಳು ಒಬ್ಬೊಬ್ಬರಾಗಿ ಪಾಕಿಸ್ತಾನಕ್ಕೆ ಹೋಗುತ್ತಾರೆ. ಆತನು ಪ್ರತಿಯೊಬ್ಬರನ್ನು ನಿಲ್ದಾಣಕ್ಕೆ ಕಳಿಸಿ ಜಟಕಾದಲ್ಲಿ ಹಿಂದಿರುಗುತ್ತಾನೆ. ಮನೆ ಅಣ್ಣನ ಹೆಸರಿನಲ್ಲಿತ್ತು, ಅಣ್ಣ ದೇಶ ಬಿಟ್ಟಿದ್ದರಿಂದ ಮನೆ ಸರಕಾರದ ವಶವಾಗುವದು. ಸಾಲ ಕೊಡುವವರು ಹಿಂದೆಗೆಯುತ್ತಾರೆ, ಬಾಡಿಗೆಗೆ ಮನೆ ಕೊಡುವವರಿಲ್ಲ, ಮಗನಿಗೆ ಕೆಲಸವಿಲ್ಲ, ಮಗಳು ಎರಡು ಸಲ ಆಶೆಪಟ್ಟು ಎರಡು ಸಲವೂ ನಿರಾಶೆಗೊಂಡು ಪ್ರಾಣ ಕಳಕೊಳ್ಳುತ್ತಾಳೆ. ಮುದುಕಿಯಾದ ತಾಯಿ ಹಳೆಯ ಮನೆಯನ್ನು ಬಿಡಲೊಲ್ಲದೆ ಅಡಗಿ ಕೂಡುವಳು; ಕೊನೆಗಾಲಕ್ಕೆ ಅವಳನ್ನು ಹೊತ್ತುಕೊಂಡು ಹೋಗಿ ಆ ಮನೆಯಲ್ಲಿಯೇ ಪ್ರಾಣ ಬಿಡಗೊಡುವರು. ವಿಭಜನೆಯಲ್ಲಿ ಲಕ್ಷಗಟ್ಟಲೆ ಜನರು ಕೊಲೆಯಾದರಷ್ಟೆ. ಈ ಚಿತ್ರಪಟದಲ್ಲಿ ಒಂದು ಕಗ್ಗೊಲೆಯೂ ಕಾಣುವದಿಲ್ಲ. ಸಲೀಂ ಮಿರ್ಜಾನ ಹಣೆಗೆ ಒಂದು ಕಲ್ಲು ಬೀಳುವದು, ಅಷ್ಟೇ. ಇತಿಹಾಸದ ಕಲಹವು ಒಂದು ಮನೆಯ ಒಲೆಯ ವರೆಗೆ ಬಂದು ಹ್ಯಾಗೆ ಕುಳಿತುಕೊಳ್ಳುತ್ತದೆಂಬದನ್ನು ಇದಕ್ಕಿಂತ ನಿಚ್ಚಳವಾಗಿ ತೋರಿಸಿದ ಚಿತ್ರಪಟಗಳು ಭಾರತದಲ್ಲಿ ವಿರಳ. ಇದರಲ್ಲಿ ಪಟ್ಟಣದ ಸಂಸ್ಕಾರಕ್ಕೆ ಮಾತ್ರ ತಿಳಿಯುವಂಥದು ಯಾವದು? ಪಾಲಾದ ಮನೆ, ಅಣ್ಣತಮ್ಮಂದಿರ ಹೆಸರಿನ ಉತಾರ, ಮನೆ ಬಿಟ್ಟು ಬರಲೊಲ್ಲದ ಅಜ್ಜಿ, ಹೇಳಿಹೋದ ಮದುವೆ. ಇವುಗಳಲ್ಲಿ ಒಂದಾದರೂ ಬಮ್ಮಿಗಟ್ಟಿಗೆ ಹೊಸದೆ?

ಈ ಅಳತೆಗೋಲನ್ನು ಹಿಡಿದುಕೊಂಡು ಮನೆಯ ಸರಕನ್ನು ಅಳೆದರೆ ಹ್ಯಾಗಾಗುವದೆಂಬದನ್ನು ಪಟ್ಟಣದ ರಸಿಕರು ಎಂದಾದರೂ ಯೋಚಿಸಿದ್ದುಂಟೆ? ಅವರು ಅಲ್ಲಿ ಒಂದು ಗೋಲು, ಇಲ್ಲಿ ಇನ್ನೊಂದು ಗೋಲು ಹಿಡಿಯುವರು. ಆಲ್ಜಿಯರ್ಸಿಗೆ ಸತ್ಯವನ್ನು ಬೇಡುವರು; ಕಿತ್ತೂರಿಗೆ ಡೌಲು ಸಾಕೆನ್ನುವರು. ಬಿ. ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ (1961) ಕನ್ನಡಿಗರ ಅಭಿಮಾನವನ್ನು ಎಚ್ಚರಿಸಿದ ಚಿತ್ರಪಟವೆಂಬದರಲ್ಲಿ ಸಂಶಯವಿಲ್ಲ. ಬಿ. ಸರೋಜಾದೇವಿಯವರ ಆ ರಾಣಿಯನ್ನು ಒಮ್ಮೆ ಕಂಡವರು ಮರೆಯುವದಿಲ್ಲ; ರಾಜ್ಯ ಒಂದಾಗಿ ಐದು ವರ್ಷಗಳಷ್ಟೇ ಆಗಿದ್ದ ಆ ಕಾಲಕ್ಕೆ ಅಂಥದೊಂದು ಚಿತ್ರಪಟ ಬೇಕಾಗಿಯೂ ಇತ್ತು. ಆದರೆ ಅಂದಿನಿಂದ ಇಂದಿನ ವರೆಗೆ ಚಿತ್ರಪಟ, ನಾಟಕ, ಶಾಲೆಯ ಸ್ನೇಹಸಮ್ಮೇಲನ ಎಲ್ಲವೂ ಕೂಡಿ ಕಿತ್ತೂರಿನ ಇತಿಹಾಸವನ್ನು ಕಪ್ಪ ಕೊಡೆವೆಂಬ ಒಂದು ಸಂಭಾಷಣೆಯೊಳಗೆ ಅಡಕಮಾಡಿಬಿಟ್ಟಿವೆ. ನಡೆದದ್ದೇನು? 1818ರಲ್ಲಿ ಕಿತ್ತೂರು ಪೇಶವೆಯ ವಿರುದ್ಧವಾಗಿ ಕಂಪನಿಯ ಪಕ್ಷವನ್ನು ಹಿಡಿದು, ವರ್ಷಾ ವರ್ಷಾ ಕಪ್ಪ ಸಲ್ಲಿಸಲು ಒಪ್ಪಿಕೊಂಡಿತ್ತು. 1824ರಲ್ಲಿ ದೇಸಾಯಿ ಶಿವಲಿಂಗರುದ್ರ ಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ದತ್ತಕವನ್ನು ಒಪ್ಪಲಾರೆನೆಂದು ಧಾರವಾಡದ ಕಲೆಕ್ಟರ ಠಾಕರೆ ಸಾಹೇಬನು ಭಂಡಾರಕ್ಕೆ ಮುದ್ರೆ ಹಾಕಿಸಿದನು. ಜಗಳ ಹತ್ತಿದ್ದು ಅಲ್ಲಿ. ನಿನ್ನೆ ಸ್ನೇಹಿತರಾಗಿದ್ದವರ ಕೈಯಿಂದಲೇ ಇಂದು ಮನೆ ಹೋಗುವದೆಂಬ ಈ ಸಂಗತಿಯು ಕಪ್ಪದ ಮಾತಿಗಿಂತ ಎಷ್ಟು ದಾರುಣವಾದದ್ದು, ಎಷ್ಟು ನಾಟಕೀಯವಾದದ್ದು! ಅದನ್ನು ಬಿಟ್ಟುಕೊಟ್ಟು ಡಂಗುರದ ಸದ್ದನ್ನು ಇಟ್ಟುಕೊಂಡರು.

ಇನ್ನೊಂದು ಸಂಗತಿ. ಅಕ್ಟೋಬರ 23ರ ಕಾಳಗದಲ್ಲಿ ಠಾಕರೆ ಸತ್ತನು. ಅವನ ಸಹಾಯಕರಾದ ಸ್ಟೀವನ್‌ಸನ್, ಎಲಿಯಟ್ ಎಂಬ ಇಬ್ಬರು ಕಿತ್ತೂರಿನವರ ಸೆರೆಯಾದರು. ಅವರಿಗೆ ಅಪಾಯವಾಗಲಿಲ್ಲ, ಮುಂದೆ ಬಿಡುಗಡೆಯಾದರು. ಆ ಎಲಿಯಟ್ ಯಾರು? ಮುಂದೆ ಊರೂರು ತಿರುಗಿ ಕರ್ನಾಟಕದ ನೂರಾರು ಶಿಲಾಶಾಸನಗಳ ಪ್ರತಿಗಳನ್ನು ಕೂಡಿಹಾಕಿ, ಚಾಲುಕ್ಯರ ಇತಿಹಾಸದ ಅಭ್ಯಾಸಕ್ಕೆ ತಳಹದಿ ಹಾಕಿದ ವಾಲ್ಟರ್ ಎಲಿಯಟ್ಟನೇ. ಚೆನ್ನಮ್ಮನ ಸೆರೆಯಾಳು ಕನ್ನಡದ ಶಾಸನಗಳ ಸಂಗ್ರಾಹಕನಾದನು! ಇಟಲಿಯವನೋ ಜಪಾನದವನೋ ಆದ ದಿಗ್ದರ್ಶಕನಿಗೆ ಇಂಥ ಒಂದು ಸಂಗತಿ ಸಿಕ್ಕಿದ್ದರೆ ಅದರ ಸುತ್ತಲೇ ಚಿತ್ರಪಟ ಕಟ್ಟುತ್ತಿದ್ದನು. ಸೆರೆಯ ಆ ದಿನಗಳಲ್ಲಿ ಅವನಿಗೆ ಊಟ ತಂದುಕೊಡುತ್ತಿದ್ದ ಆಳು ಏನು ಮಾತಾಡಿರಬಹುದು, ಅವನು ಯಾವ ಕನ್ನಡ ಕಲಿತಿರಬಹುದು! ವೈರಿಗೂ ಒಂದು ಮುಖವಿದೆಯೆಂದು ತೋರಿಸಿದರೆ ರಾಣಿಯ ಕೀರ್ತಿಗೆ ಕುಂದೆಂದು ಯಾರಾದರೂ ಹೆದರುವರೆ? ಸೆರೆಸಿಕ್ಕವರನ್ನು ಕಾಯ್ದುಕೊಂಡವಳೆಂಬದೇ ಅವಳ ಕೀರ್ತಿಯಲ್ಲವೆ? ಡಿಸೆಂಬರಿನಲ್ಲಿ ಕೋಟೆ ಬಿದ್ದು, ಬೈಲಹೊಂಗಲದ ಸೆರೆಯಲ್ಲಿ 1829ರ ವರೆಗೆ ಆ ತಾಯಿ ಕಳೆದ ನಾಲ್ಕು ವರ್ಷಗಳ ಮೌನವಂತೂ ಯಾವ ಡಂಗುರಕ್ಕೂ ನಿಲುಕದು.

ರಾಯಣ್ಣನ ಪಾಡೂ ಇದೇ. 2012ರಲ್ಲಿ ಬಹು ವೆಚ್ಚದಿಂದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಹೊರಬಂದಿತು. ಜನರು ತಂಡತಂಡವಾಗಿ ಹೋಗಿ ನೋಡಿದರು. ಸಂಗೊಳ್ಳಿಯ ವಾಲೀಕಾರನಾದ ಆ ಮನುಷ್ಯನು ಬಡವರ ಪಡೆ ಕಟ್ಟಿ, ಸರಕಾರೀ ಕಚೇರಿಗಳಲ್ಲಿಯ ಕಾಗದಪತ್ರಗಳನ್ನು ಸುಟ್ಟನು. ಕಾಗದವನ್ನೇ ಯಾತಕ್ಕೆ ಸುಟ್ಟನು? ಭೂಮಿ ಯಾರದೆಂದು ಬರೆದಿಡುವ ಅಧಿಕಾರ ಯಾರ ಕೈಗೆ ಹೋಯಿತೆಂಬ ಪ್ರಶ್ನೆ ಅದರಲ್ಲಿದೆ. ಅವನ ದಂಗೆಯ ತಿರುಳೇ ಅದು. ಅವನನ್ನು ಹಿಡಿದುಕೊಟ್ಟವರು ಸೀಮೆಯ ಜನರೇ ಎಂಬದು ಇನ್ನೊಂದು ತಿರುಳು. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಹಿಡಿದುಕೊಟ್ಟವರನ್ನು ಹುಬ್ಬು ಗಂಟಿಕ್ಕಿದ ಖಳರನ್ನಾಗಿ ಮಾಡುವದು ಸುಲಭ. ನಿನ್ನೆಯ ವರೆಗೆ ಒಂದೇ ಬಾವಿಯ ನೀರು ಕುಡಿದವರು ಹಾಗೆ ಯಾತಕ್ಕೆ ಮಾಡಿದರೆಂದು ತೋರಿಸುವದು ಕಷ್ಟ. ಲಾವಣಿ ಕಟ್ಟಿದ ಅಕ್ಷರಹೀನರಿಗೆ ಈ ಕಷ್ಟದ ಅರಿವಿತ್ತು. ಕೋಟಿಗಟ್ಟಲೆ ರೂಪಾಯಿ ಕೂಡಿಸಿದವರು ಅದನ್ನು ತಮಗೆ ಬೇಡವೆಂದರು. ವೀರಗಲ್ಲಿನ ಮೇಲಿನ ಎರಡು ಅಂತಸ್ತುಗಳನ್ನು ಬಂಗಾರದ ಬಣ್ಣದಿಂದ ತೋರಿಸುವದು, ಮಾಸ್ತಿಕಲ್ಲಿನ ಕಡೆಗೆ ಬೆನ್ನು ತಿರುಗಿಸುವದು, ಇದು ಕನ್ನಡದ ಐತಿಹಾಸಿಕ ಚಿತ್ರಪಟಗಳ ಸಾಮಾನ್ಯ ಪದ್ಧತಿಯಾಗಿದೆ. ‘ಹಳ್ಳಿಯವರಿಗೆ ಅದೇ ಬೇಕು’ ಎಂಬ ಸುಶಿಕ್ಷಿತರ ಮಾತು ಈ ಪದ್ಧತಿಗೆ ಕೊಟ್ಟ ಅಭಯಪತ್ರವಲ್ಲದೆ ಬೇರೆಯಲ್ಲ.

ಇಷ್ಟು ಹಿಂದಕ್ಕೆ ಹೋಗುವ ಕಾರಣವೂ ಇಲ್ಲ. ಅಟೆನ್‌ಬರೋ ಅವರ ‘ಗಾಂಧಿ’ (1982) ಚಿತ್ರಪಟಕ್ಕೆ ಎಂಟು ಆಸ್ಕರ್ ಪಾರಿತೋಷಕಗಳು ಬಂದದ್ದು ಎಲ್ಲ ಮನೆಗಳಿಗೂ ಗೊತ್ತು. ಗಾಂಧೀಜಿಯವರ ಹಿಂದೆ ದಾಂಡಿಗೆ ನಡೆದವರ ಸಾಲಿನಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರಿದ್ದರೆಂಬದೂ, ಅವರು 1943ರ ಎಪ್ರಿಲ್ 1ರಂದು ಆಗಿನ ಧಾರವಾಡ ಜಿಲ್ಲೆಯ ಹೊಸರಿತ್ತಿಯಲ್ಲಿ ಪೋಲೀಸರ ಗುಂಡಿಗೆ ಬಲಿಯಾದರೆಂಬದೂ ಎಷ್ಟು ಮನೆಗಳಿಗೆ ಗೊತ್ತು? 1980ರ ಜುಲೈ 21ರಂದು ನವಲಗುಂದ ನರಗುಂದಗಳಲ್ಲಿ ನಡೆದದ್ದನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ಮಲಪ್ರಭೆಯ ಕಾಲುವೆ ಬಂದಿತು. ನೀರು ಸರಿಯಾಗಿ ಮುಟ್ಟದ ಹೊಲದವರಿಗೂ ಅಭಿವೃದ್ಧಿಯ ಕರ ಬಂದಿತು. ಎರೆಯ ಹೊಲ ಜವುಳು ಹಿಡಿಯಿತು. ಹತ್ತಿಯ ಬೆಲೆ ಇಳಿಯಿತು. ಕರ ಕೊಡೆವೆಂದು ಸೇರಿದ ರೈತರ ಮೇಲೆ ಗುಂಡು ಹಾರಿತು. ಸತ್ತವರಲ್ಲಿ ರೈತರೂ ಇದ್ದರು, ಪೋಲೀಸರೂ ಇದ್ದರು. ರಾಜ್ಯದ ರೈತಸಂಘದ ಚಳವಳಿಗೆ ಅಲ್ಲಿಂದ ಕಸುವು ಬಂದಿತು, 1983ರಲ್ಲಿ ಆಳುವ ಪಕ್ಷ ಬದಲಾಯಿತು. ಪಾಂಟೆಕಾರ್ವೊ ಕೇಳಿದ ಪ್ರಶ್ನೆಗಳೆಲ್ಲವೂ ಆ ಒಂದು ದಿನದಲ್ಲಿ ಇವೆ. ನ್ಯಾಯ ಯಾರ ಕಡೆಗೆ? ಸಿಟ್ಟಿನ ಗುಂಪಿನ ಕೈಗೆ ಸಿಕ್ಕು ಸತ್ತ ಸಿಪಾಯಿಯ ಮನೆಯಲ್ಲಿ ಆ ರಾತ್ರಿ ಏನಾಯಿತು? ‘ನರಗುಂದ ಬಂಡಾಯ’ವೆಂಬ ಹೆಸರಿನ ಕನ್ನಡ ಚಿತ್ರಪಟವೊಂದು 2020ರಲ್ಲಿ ಬಂದದ್ದುಂಟು. ಅದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯಾದರೂ ಆಲ್ಜಿಯರ್ಸನ್ನು ಹೊಗಳುವ ಮನೆಗಳಲ್ಲಿ ನಡೆಯಿತೆ? ಜರೆಯುವದಕ್ಕಾದರೂ ನೋಡಬೇಕಷ್ಟೆ.

ಹಳ್ಳಿಯವರು ಲೋಕದ ಶ್ರೇಷ್ಠ ಚಿತ್ರಪಟಗಳನ್ನು ನೋಡಲಾರರೆಂಬ ಮಾತನ್ನು ಪರೀಕ್ಷಿಸಿ ನೋಡಿದವರೂ ಕರ್ನಾಟಕದಲ್ಲಿಯೇ ಆಗಿಹೋಗಿದ್ದಾರೆ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು ನೀನಾಸಂ ಸಂಸ್ಥೆಯ ಅಂಗವಾಗಿ 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿದರು. ಅಡಿಕೆಯ ತೋಟಿಗರಿಗೆ, ಕೂಲಿಯವರಿಗೆ, ಹೆಣ್ಣುಮಕ್ಕಳಿಗೆ ಜಗತ್ತಿನ ಮಾನ್ಯ ಚಿತ್ರಪಟಗಳನ್ನು ತೋರಿಸಿದರು. ಪುಣೆಯಿಂದ ಸತೀಶ ಬಹಾದ್ದೂರರಂಥ ಅಧ್ಯಾಪಕರನ್ನು ಕರೆಯಿಸಿ ರಸಗ್ರಹಣದ ಶಿಬಿರಗಳನ್ನು ನಡಿಸಿದರು. ಜನರು ಎದ್ದುಹೋಗಲಿಲ್ಲ. ಪ್ರಶ್ನೆ ಕೇಳಿದರು, ವಾದ ಹಾಕಿದರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪಾರಿತೋಷಕ ಬಂದಾಗ ಹೆಮ್ಮೆಪಡದ ಸುಶಿಕ್ಷಿತರಿಲ್ಲ. ಅವರ ಕೆಲಸದ ಅರ್ಥವನ್ನು ಮಾತ್ರ ಪಾರಿತೋಷಕದ ಜೊತೆಗೆ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಹೆಗ್ಗೋಡಿನವರಿಗೆ ತಿಳಿದದ್ದು ಬಮ್ಮಿಗಟ್ಟಿಯವರಿಗೆ ತಿಳಿಯಲಾರದೆಂದು ಹೇಳುವ ಧೈರ್ಯ ಯಾರಿಗಿದೆ?

ಅಡ್ಡಿಯಿರುವದು ಬೇರೆ ಕಡೆಗೆ. ಚಿತ್ರಪಟದ ಮಾತು ಫ್ರೆಂಚು, ರಶಿಯನ್ನು, ಉರ್ದು. ಕೆಳಗೆ ಓಡುವ ಅಡಿಬರಹ ಹೆಚ್ಚಾಗಿ ಇಂಗ್ರೇಜಿ. ಇಂಗ್ರೇಜಿ ಬಾರದವನು ಹೊರಗೆ. ಇದನ್ನೇ ‘ಸಂಸ್ಕಾರ’ವೆಂದು ಕರೆದು ಬಾಗಿಲು ಹಾಕಿಕೊಂಡು ಒಳಗೆ ಕುಳಿತಿರುವದು. 1960ರ ದಶಕದಿಂದ ಅನ್ಯಭಾಷೆಯ ಚಿತ್ರಪಟಗಳಿಗೆ ಕನ್ನಡದ ಧ್ವನಿ ಕೂಡಿಸಕೂಡದೆಂಬ ಕಟ್ಟು ಬೆಂಗಳೂರಿನ ಚಿತ್ರೋದ್ಯಮದಲ್ಲಿ ನಡೆದುಬಂದಿತು. ಆಗಿನ ಸ್ಥಿತಿಯಲ್ಲಿ ಅದಕ್ಕೆ ಕಾರಣವಿತ್ತು. ಕನ್ನಡದ ಚಿತ್ರಪಟಗಳಿಗೆ ರಾಜಧಾನಿಯಲ್ಲಿಯೇ ಚಿತ್ರಮಂದಿರ ಸಿಗುತ್ತಿರಲಿಲ್ಲ, ನಟರ ಹೊಟ್ಟೆಯ ಪ್ರಶ್ನೆಯೂ ಇತ್ತು. ಆದರೆ ಯಾವ ಕಾಯದೆಯ ಆಧಾರವೂ ಇಲ್ಲದ ಆ ಕಟ್ಟನ್ನು ಐವತ್ತು ವರ್ಷ ಬಿಗಿಯಾಗಿ ಹಿಡಿದದ್ದರ ಫಲವೇನು? ತೆಲುಗು, ತಮಿಳು, ಹಿಂದಿಯ ಹೊಡೆದಾಟದ ಚಿತ್ರಪಟಗಳು ತಮ್ಮ ಭಾಷೆಯಲ್ಲಿಯೇ ಧಾರಾಳವಾಗಿ ಬಂದವು. ಬಾರದೆ ನಿಂತದ್ದು ಆಲ್ಜಿಯರ್ಸು. ಕನ್ನಡಿಗನೇ ರಚಿಸಿದ ‘ಗರಮ್ ಹವಾ’ ಕೂಡ ಕನ್ನಡದ ಧ್ವನಿಯಲ್ಲಿ ಹಳ್ಳಿಗೆ ಬರುವ ದಾರಿ ಮುಚ್ಚಿಹೋಯಿತು. 2015ರಲ್ಲಿ ಭಾರತದ ಸ್ಪರ್ಧಾ ಆಯೋಗವು ಆ ಕಟ್ಟು ನ್ಯಾಯವಲ್ಲವೆಂದು ತೀರ್ಪು ಕೊಟ್ಟಿತು. ಬಾಗಿಲು ತೆರೆದ ಮೇಲೆ ಒಳಗೆ ಬಂದವು ಯಾವವು? ಮತ್ತೆ ಕತ್ತಿಯ ಝಣತ್ಕಾರವೇ. ವ್ಯಾಪಾರಿಗಳು ತಮಗೆ ಬೇಕಾದದ್ದನ್ನು ತಂದರು, ಅವರನ್ನು ದೂರಿ ಫಲವಿಲ್ಲ. ತರಬೇಕಾಗಿದ್ದ ಸುಶಿಕ್ಷಿತರು ಏನು ತಂದರೆಂಬದೇ ಪ್ರಶ್ನೆ.

ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದಾಗ ಅದರ ಮೊದಲಿನ ಕೆಲಸಗಳಲ್ಲಿ ಒಂದೆಂದರೆ ಅನ್ಯಭಾಷೆಯ ಒಳ್ಳೆಯ ಗ್ರಂಥಗಳನ್ನು ಕನ್ನಡಕ್ಕೆ ತರಿಸಿ ಅಚ್ಚುಹಾಕುವದಾಗಿತ್ತು. ಪರಭಾಷೆಯ ಗ್ರಂಥ ಬಂದರೆ ಕನ್ನಡ ಕೆಡುವದೆಂದು ಆಗ ಯಾರೂ ಅಳುಕಲಿಲ್ಲ. ಹಳ್ಳಿಯವರಿಗೆ ತಿಳಿಯದೆಂದು ಕೈಕಟ್ಟಿ ಕೂಡಲೂ ಇಲ್ಲ. ಅಂಥ ಕೆಲಸವನ್ನು ಇಂದು ಚಿತ್ರಪಟದ ಅಡಿಬರಹದಲ್ಲಿ ಮಾಡಬೇಕಾಗಿದೆ. ಒಂದು ಚಿತ್ರಪಟದ ಮಾತುಗಳನ್ನು ಕನ್ನಡಿಸುವದೆಂದರೆ ಒಂದು ಸಾಧಾರಣ ನಾಟಕವನ್ನು ಕನ್ನಡಿಸಿದಷ್ಟೇ ದುಡಿಮೆ. ಉರ್ದು ಬಲ್ಲ ಕನ್ನಡಿಗರು ಹುಬ್ಬಳ್ಳಿಯ ಓಣಿ ಓಣಿಗಳಲ್ಲಿ ಇದ್ದಾರೆ, ಫ್ರೆಂಚು ಕಲಿತವರು ಕಾಲೇಜುಗಳಲ್ಲಿ ಇದ್ದಾರೆ. ಚಿತ್ರಪಟದ ಹಕ್ಕುದಾರರ ಅಪ್ಪಣೆ ಪಡೆಯಬೇಕಾಗುವದು. ಅದಕ್ಕೆ ಪತ್ರ ಬರೆಯುವ ಇಂಗ್ರೇಜಿಯಂತೂ ಪಟ್ಟಣದ ರಸಿಕರಲ್ಲಿ ಬೇಕಾದಷ್ಟಿದೆ.

ಅಡಿಬರಹ ಓದಲಾರದ ಮುದುಕರ ಗತಿ ಏನೆಂದು ಕೇಳುವವರುಂಟು. ಅದಕ್ಕೆ ಪಕ್ಕದಲ್ಲಿ ಕೂತ ಮೊಮ್ಮಗಳು ಓದಿ ಹೇಳುವಳು. ಹಿಂದಕ್ಕೆ ಪುರಾಣದ ಕಟ್ಟೆಯಲ್ಲಿ ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳುತ್ತಿದ್ದದ್ದು ಹೀಗೆಯೇ. ‘ಗರಮ್ ಹವಾ’ದಿಂದ ಆರಂಭಿಸುವದು ಸುಲಭ, ಅದರ ಅರ್ಧದಷ್ಟು ಮಾತು ಈ ಸೀಮೆಯ ಸಂತೆಗೆ ಹೋಗಿಬರುವವರ ಕಿವಿಗೆ ಪರಿಚಯದ್ದೇ. ಅದರ ಉದ್ದ 146 ನಿಮಿಷ. ಎಮ್ಮೆ ಹಿಂಡಿ, ಉಂಡು, ಎಲೆಯಡಿಕೆ ಹಾಕಿಕೊಂಡು ಬಮ್ಮಿಗಟ್ಟಿಯವರು ಒಂಬತ್ತಕ್ಕೆ ಕುಳಿತರೆ ಹನ್ನೊಂದೂವರೆಯೊಳಗೆ ಸಲೀಂ ಮಿರ್ಜಾನು ಜಟಕಾದಿಂದ ಇಳಿದು ಮೆರವಣಿಗೆಯಲ್ಲಿ ಸೇರಿರುತ್ತಾನೆ. ಸಣ್ಣಾಟವಾದರೆ ಆ ಹೊತ್ತಿಗೆ ಸಂಗ್ಯಾ ಇನ್ನೂ ಬಾಳ್ಯಾನ ಸ್ನೇಹವನ್ನೇ ಕೊಂಡಾಡುತ್ತಿರುವನು.